ಎಂಟನೇ ನಂಬರಿನ ವಿಮಾನ ಬಲಕ್ಕೆ ತಿರುಗಿದ್ದು

ಆಲುವ

ನಾನು ಇಳಿಯಬೇಕಾಗಿದ್ದದ್ದು ಎರ್ನಾಕುಲಂನಲ್ಲಿ, ಇಳಿದದ್ದು ಆಲುವದಲ್ಲಿ. ಬೋಗಿಯಲ್ಲಿದ್ದವರೆಲ್ಲ ಒಮ್ಮೆಲೇ ಎದ್ದು, ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ನುಗ್ಗಿದರು. ನಮ್ಮ ಹುಬ್ಬಳ್ಳಿ ಕಡೆ ರೈಲು ನಿಂತ ಮೇಲೂ ಒಂದು ಸಲ ಆಕಳಿಸಿ, ಚಪ್ಪಲಿ ಹುಡುಕಿ, ಆಮೇಲೆ ಏಳುತ್ತಾರೆ. ಇವರಿಗೆ ಇಷ್ಟು ಅವಸರವಿದೆಯೆಂದರೆ ಇದೇ ನಮ್ಮ ನಿಲ್ದಾಣ ಇರಬೇಕು ಅಂದುಕೊಂಡು ನಾನೂ ಅವರ ಹಿಂದೆ ಇಳಿದೆ. ರೈಲು ಹೊರಟು ಕೊನೆಯ ಬೋಗಿ ಕಣ್ಮರೆಯಾದ ಮೇಲೆ ಬೋರ್ಡು ನೋಡಿದೆ.

ಶಬಾನಾಳಿಗೆ ಫೋನ್ ಮಾಡಿದೆ.

"ಎಲ್ಲಿದ್ದೀರಿ ಮೇಡಂ? ನಾ ಎರ್ನಾಕುಲಂ ಸ್ಟೇಶನ್ನಾಗ ನಿಂತೀನ್ರಿ. ಗಾಡಿ ಬಂತು, ನೀವs ಇಲ್ಲ!"

"ಆಲುವದಾಗ ಅದೀನಿ."

"ಅಯ್ಯ! ಅಲ್ಲೇ ಕುಂದರ್ರಿ. ಯಾರ ಜೋಡೀನೂ ಹೋಗಬ್ಯಾಡ್ರಿ. ನಾ ಬರ್ತೀನಿ."

ಎಂಟು ವರ್ಷದ ಹಿಂದೆ ನನ್ನ ಗಣಿತದ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ ಈಗ ನನ್ನನ್ನು ಜಾತ್ರೆಯಲ್ಲಿ ಕಳೆದುಹೋದ ಮಗುವಿನಂತೆ ಗದರುತ್ತಿದ್ದಳು. ನಾನು ಸಿಮೆಂಟಿನ ಬೆಂಚಿನ ಮೇಲೆ ಕೂತು, ತೊಡೆಯ ಮೇಲಿನ ಸೀರೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಡಬ್ಬಿಯನ್ನೂ ನನ್ನನ್ನೂ ನೋಡಿ, "ಕಲ್ಯಾಣಂ?" ಎಂದು ಕೇಳಿದಳು. ಮದುವೆಗೆ ಬಂದವಳು ಅಂದುಕೊಂಡಿರಬೇಕು. ನಾನು ಅಲ್ಲವೆಂದು ತಲೆಯಾಡಿಸಿ ಡಬ್ಬಿ ತೆರೆದು ತೋರಿಸಿದೆ. ಒಳಗೆ ಹಳೆಯ ವಿಮಾನಗಳ ಫೋಟೋಗಳು. ಅವಳು ಒಂದೊಂದಾಗಿ ನೋಡಿ, ಬಹಳ ಗೌರವದಿಂದ ಮರಳಿಸಿ, ಸ್ವಲ್ಪ ದೂರ ಸರಿದು ಕೂತಳು.

ಕಾಕ್ಕನಾಡ್

ನನ್ನ ಈ ಹುಚ್ಚಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ.

ನನ್ನ ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಊರು ಬಿಟ್ಟು ಇಂಗ್ಲೆಂಡಿಗೆ ಹೊರಟ ದೊರೆಯೊಬ್ಬ ತನ್ನ ಮನೆಯ ಸಾಮಾನು ಹಂಚುವಾಗ ಬೇರೆಯವರು ಕುರ್ಚಿ, ಲ್ಯಾಂಪು ತಂದರಂತೆ. ಅಪ್ಪ ಒಂದು ಫೋಟೋ ತಂದರು. ಬಯಲಿನಲ್ಲಿ ಸಾಲಾಗಿ ನಿಂತ ಪುಟ್ಟ ವಿಮಾನಗಳು, ಎರಡೆರಡು ಅಂತಸ್ತಿನ ರೆಕ್ಕೆ, ಬಾಲದ ಮೇಲೆ ಒಂದೊಂದು ನಂಬರು. "ಕುದುರಿ ಜೂಜು ಕೇಳಿಯಲ್ಲ, ಇದು ವಿಮಾನದ ಜೂಜು," ಎಂದು ನನಗೆ ತೋರಿಸುತ್ತಿದ್ದರು. ಅಪ್ಪ ಎಂದೂ ವಿಮಾನ ಹತ್ತಲಿಲ್ಲ. ಆದರೆ ಭಾನುವಾರ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತಾಗ ಆ ಫೋಟೋ ಹಿಡಿದು, ಇದರಲ್ಲಿ ಯಾವುದು ಗೆದ್ದಿರಬಹುದು ಎಂದು ನನ್ನ ಜೊತೆ ವಾದ ಮಾಡುತ್ತಿದ್ದರು. ಅವರು ಹೋದ ಮೇಲೆ ವಾದ ಮಾಡಲು ಯಾರೂ ಇಲ್ಲದ್ದಕ್ಕೋ ಏನೋ, ನಾನು ಅಂಥವೇ ಇನ್ನಷ್ಟು ಫೋಟೋಗಳನ್ನು ಹುಡುಕತೊಡಗಿದೆ. ರದ್ದಿ ಅಂಗಡಿಗಳಲ್ಲಿ, ಬೆಂಗಳೂರಿನ ಭಾನುವಾರದ ಸಂತೆಯಲ್ಲಿ, ಮುಚ್ಚುತ್ತಿದ್ದ ಹಳೆಯ ಸ್ಟುಡಿಯೋಗಳ ಮೂಲೆಗಳಲ್ಲಿ.

ಆ ಫೋಟೋಗಳನ್ನು ಓದುವುದಕ್ಕೆ ಒಂದು ದಾರಿಯಿದೆ. ವಿಮಾನ ನೋಡಿದರೆ ಏನೂ ತಿಳಿಯುವುದಿಲ್ಲ. ವೇಗಕ್ಕೆ ಅದು ಮಸುಕಾಗಿರುತ್ತದೆ. ಜನರನ್ನು ನೋಡಬೇಕು. ಅವರ ಕೊಡೆ ಯಾವ ಕಡೆ ವಾಲಿದೆ, ನೆರಳು ಎಷ್ಟು ಉದ್ದವಿದೆ, ಬಾವುಟ ಎತ್ತ ಹಾರುತ್ತಿದೆ. ಬಯಲಿನಲ್ಲಿ ಚೌಕಳಿ ಬಣ್ಣದ ಎತ್ತರದ ಕಂಬಗಳನ್ನು ನೆಟ್ಟು ವಿಮಾನಗಳು ಅವುಗಳನ್ನು ಸುತ್ತಿ ಬರಬೇಕಿತ್ತು. ನಾನು ನೋಡಿದ ಫೋಟೋಗಳಲ್ಲೆಲ್ಲ ಕಂಬ ವಿಮಾನ ನಡೆಸುವವನ ಎಡಗೈಗೆ ಇರುತ್ತಿತ್ತು. ಕೋನಗಳ ಪಾಠ ಮಾಡುವಾಗ ಈ ಫೋಟೋಗಳನ್ನು ತರಗತಿಗೆ ಒಯ್ಯುತ್ತಿದ್ದೆ. ಮಕ್ಕಳು ಕೋನ ಮರೆತರು. ಶಬಾನಾ ಫೋಟೋ ಮರೆಯಲಿಲ್ಲ.

ಅವಳು ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿ, ಹತ್ತಿರದಲ್ಲೇ ಫ್ಲಾಟು ಹಿಡಿದಿದ್ದಳು. ಕರಾರಿಗೆ ಸಹಿ ಹಾಕಲು ಮಾಲೀಕರ ಮನೆಗೆ ಹೋದಾಗ ಗೋಡೆಯ ಮೇಲೆ ಒಂದು ಚಿತ್ರ ಕಂಡು ಅಲ್ಲಿಂದಲೇ ನನಗೆ ಫೋನ್ ಮಾಡಿದ್ದಳು. "ಮೇಡಂ, ನಿಮ್ಮ ಜೂಜಿನ ವಿಮಾನ ಇಲ್ಲೈತ್ರಿ. ಕಂಬಾನೂ ಐತಿ. ಆದ್ರ ನೀವು ಹೇಳಿದ್ದಕ್ಕ ಉಲ್ಟಾ ಐತಿ. ಕಂಬ ಬಲಕ್ಕ ಐತ್ರಿ."

ಅದಕ್ಕೇ ದಸರಾ ರಜೆಗೆ ಕಾದು ಹೊರಟು ಬಂದಿದ್ದೆ.

ಫ್ಲಾಟಿನಲ್ಲಿ ಕುಡಿಯಲು ಕೊಟ್ಟ ನೀರು ತೆಳು ಗುಲಾಬಿ ಬಣ್ಣಕ್ಕಿತ್ತು, ಉಗುರು ಬೆಚ್ಚಗಿತ್ತು. ಲೋಟ ಸರಿಯಾಗಿ ತೊಳೆದಿಲ್ಲವೇನೋ ಎಂದು ನಾನು ಮೆಲ್ಲಗೆ ಪಕ್ಕಕ್ಕಿಟ್ಟೆ. "ಹೊಲಸಲ್ಲರಿ ಮೇಡಂ, ಔಷಧಿ ಕಟಗಿ ಹಾಕಿ ಕುದಿಸ್ತಾರ. ಇಲ್ಲೆ ಎಲ್ಲಾ ಕಡೆ ಹಿಂಗs," ಎಂದು ಅವಳು ನಕ್ಕಳು. ಅವಳ ಭಾಷೆ ಹುಬ್ಬಳ್ಳಿಯದೇ ಉಳಿದಿತ್ತು. ಆದರೆ ಕೆಲಸದ ಅಕ್ಕನನ್ನು "ಚೇಚಿ" ಎಂದು ಕೂಗುವಾಗ, "ಆ" ಎಂದು ಉದ್ದಕ್ಕೆ ಹೂಂಗುಟ್ಟುವಾಗ, ಅವಳೊಳಗೆ ಇನ್ನೊಬ್ಬಳು ಬಂದು ಹೋದಂತಿತ್ತು.

ಎರ್ನಾಕುಲಂ, ಹರತಾಳದ ದಿನ

ಸಂಜೆ ಒಂದು ಗಂಟೆ ಕೂತು ಬರೋಣವೆಂದು ಶಬಾನಾಳ ಫ್ಲಾಟಿನ ಮಾಲೀಕ ಗೋಪಿ ಸಾರ್ ಅವರ ಮನೆಗೆ ಹೋದೆವು. ಬಾಗಿಲು ತೆಗೆದವರು ಅವರ ಹೆಂಡತಿ ಶಾರದಾ, ಹೆಚ್ಚು ಕಾಲ ಊರಲ್ಲೇ ಉಳಿದು ಕನ್ನಡ ಅಷ್ಟಾಗಿ ಕಲಿಯದವರು. ಹಿಂದೆಯೇ ಕೋಲೂರಿಕೊಂಡು ಗೋಪಿ ಸಾರ್ ಬಂದರು. ಮೊಣಕಾಲಿನ ಆಪರೇಷನ್ ಆಗಿತ್ತು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ಜೀವನವೆಲ್ಲ ಕಳೆದು, ನಿವೃತ್ತರಾಗಿ ಊರಿಗೆ ಮರಳಿದವರು.

"ಬನ್ನಿ, ಬನ್ನಿ, ಕೂತ್ಕೊಳ್ಳಿ! ಕನ್ನಡ ಮಾತಾಡಿ ಸುಮಾರು ದಿನ ಆಯ್ತು. ತುಕ್ಕು ಹಿಡಿದಿದೆ. ತಪ್ಪಾದ್ರೆ ಟೀಚರ್ ಬಯ್ಯಬಾರ್ದು."

ತುಕ್ಕೇನೂ ಹಿಡಿದಿರಲಿಲ್ಲ. ಅದು ನಾನು ಚಿಕ್ಕವಳಿದ್ದಾಗ ರೇಡಿಯೋದಲ್ಲಿ ಕೇಳುತ್ತಿದ್ದಂಥ, ಈಗ ಬೆಂಗಳೂರಿನಲ್ಲಿ ಹುಡುಕಿದರೂ ಸಿಗದ ಕನ್ನಡ. "ಅಣ್ಣಮ್ಮನ ಗುಡಿ ಹತ್ರ ಆ ದೋಸೆ ಹೋಟ್ಲು ಇದೆಯಾ? ಅಲ್ಲಿ ಕೆಂಪು ಚಟ್ನಿ ಕೇಳಿದ್ರೆ ಮಾಣಿಗೆ ಕೋಪ ಬರ್ತಿತ್ತು," ಎಂದು ಅವರು ಕೇಳುತ್ತ ಹೋದರು. ನಾನು ಹುಬ್ಬಳ್ಳಿಯವಳು, ಬೆಂಗಳೂರು ಅಷ್ಟಾಗಿ ಗೊತ್ತಿಲ್ಲ ಎಂದರೂ ಬಿಡಲಿಲ್ಲ.

ಅಷ್ಟರಲ್ಲಿ ಟೀವಿಯಲ್ಲಿ ಸುದ್ದಿ ಬಂತು: ನಾಳೆ ಹರತಾಳ. ನಮ್ಮಲ್ಲಿ ಬಂದ್ ಎಂದರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಬಾಗಿಲು ತೆರೆದಿರುತ್ತದೆ. ಇಲ್ಲಿ ಹಾಗಲ್ಲ, ಆಟೋ ಇಲ್ಲ, ಬಸ್ಸಿಲ್ಲ, ಚಹದಂಗಡಿಯೂ ಇಲ್ಲ ಎಂದು ಶಾರದಾ ಮಲಯಾಳಂನಲ್ಲಿ ಹೇಳಿದ್ದನ್ನು ಗೋಪಿ ಸಾರ್ ಕನ್ನಡಕ್ಕೆ ತಂದರು. ಅದನ್ನು ಹೇಳುವಾಗ ಶಾರದಾ ಅವರ ಮುಖದಲ್ಲಿ ಹಬ್ಬದ ಖುಷಿಯಿತ್ತು. ಶಬಾನಾ ಬೆಳಗಿನ ಕೆಲಸವನ್ನು ಮನೆಯಿಂದಲೇ ಮಾಡಬೇಕಿತ್ತು, ಹೊರಟಳು. ನನ್ನನ್ನು ಮಾತ್ರ ಶಾರದಾ ಬಿಡಲಿಲ್ಲ. ಹೀಗೆ ಒಂದು ಗಂಟೆ ಕೂರಲು ಬಂದವಳು ಆ ಮನೆಯಲ್ಲಿ ಉಳಿದೆ.

ಮರುದಿನ ಬೆಳಗ್ಗೆ ಎರ್ನಾಕುಲಂ ಅಷ್ಟು ದೊಡ್ಡ ಪೇಟೆ ಎಂದು ಯಾರೂ ಹೇಳುವಂತಿರಲಿಲ್ಲ. ನಡುರಸ್ತೆಯಲ್ಲಿ ಕಾಗೆಗಳು ನಡೆದಾಡುತ್ತಿದ್ದವು. ಅಕ್ಕಿಹಿಟ್ಟಿನ ಪುಟ್ಟು, ಬೇಯಿಸಿದ ನೇಂದ್ರ ಬಾಳೆ ತಿಂದ ಮೇಲೆ ಗೋಪಿ ಸಾರ್ ಚಿತ್ರವನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟರು.

ಚಿತ್ರದ ನಡುವೆ ಚೌಕಳಿ ಕಂಬ. ಅದರ ಪಕ್ಕದಲ್ಲಿ ಒಂದು ರೆಕ್ಕೆ ನೆಲಕ್ಕೆ ಬಾಗಿಸಿ ತಿರುಗುತ್ತಿರುವ ವಿಮಾನ. ಬಾಲದ ಮೇಲೆ ದೊಡ್ಡದಾಗಿ ಇಂಗ್ಲಿಷಿನ ಎಂಟು. ಉಳಿದ ಅಕ್ಷರಗಳೆಲ್ಲ ಮಸುಕು. ಕೆಳಗೆ ಬೇಲಿಯ ಗುಂಟ ಜನ, ಕೋಟು ಹಾಕಿದ ಗಂಡಸರು, ಕೊಡೆಗಳು. ಪಕ್ಕಕ್ಕೆ ಓರೆಯಾಗಿ ನಿಂತ ಎಲ್ಲರ ಮುಖವೂ ಮೇಲಕ್ಕೆ. ಒಬ್ಬಳೇ ಒಬ್ಬ ಸೀರೆಯುಟ್ಟ ಹುಡುಗಿ ವಿಮಾನಕ್ಕೆ ಬೆನ್ನು ಹಾಕಿ, ಕ್ಯಾಮೆರಾ ಕಡೆ ತಿರುಗಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಾಳೆ.

"ಅದು ನಮ್ಮಮ್ಮ," ಎಂದರು ಗೋಪಿ ಸಾರ್. "ಹೊಸದಾಗಿ ಮದುವೆ. ಬೇರೆಯವರ ವಿಮಾನ ಬಂದಾಗ ಕಣ್ಣು ಬಿಟ್ಟು ನೋಡೋಳಂತೆ. ಎಂಟನೇ ನಂಬರ್ ಹತ್ರ ಬಂದ್ರೆ ಕಣ್ಣು ಮುಚ್ಚೋಳು. ಓಡಿಸ್ತಿದ್ದದ್ದು ನಮ್ಮಪ್ಪ."

ಅವರ ತಂದೆ ತಿರುವಾಂಕೂರಿನ ಸರ್ಕಾರಿ ಎಂಜಿನಿಯರು. ಮೂವತ್ತರ ದಶಕದಲ್ಲಿ ಮದರಾಸಿಗೆ ಹೋಗಿ ವಿಮಾನ ನಡೆಸಲು ಕಲಿತು, ಅಲ್ಲಿನ ಬಯಲಿನಲ್ಲಿ ನಡೆದ ಒಂದು ಪಂದ್ಯದಲ್ಲಿ ಹಾರಿದ್ದರು. ಗೆಲ್ಲಲಿಲ್ಲ. ಕೆಲವು ತಿಂಗಳ ಮೇಲೆ ಈ ಚಿತ್ರ ಮನೆಗೆ ಬಂತು. ಎಲ್ಲರೂ ಕಂಬವನ್ನು ಎಡಕ್ಕಿಟ್ಟು ತಿರುಗಿದರೆ ಇವರು ಬಲಕ್ಕಿಟ್ಟು ತಿರುಗಿದ್ದಾರೆ! ತಪ್ಪು ತಿರುಗಿದ್ದಕ್ಕೇ ಸೋತರು ಎಂದು ಮನೆಯಲ್ಲಿ ನಗೆಯೋ ನಗೆ.

"ಜೀವನ ಪೂರ್ತಿ ನಕ್ರು, ಟೀಚರ್. ಅಪ್ಪ ಬಸ್ ಸ್ಟ್ಯಾಂಡಿಗೆ ಹೊರಟ್ರೆ ಅಮ್ಮ ಒಳಗಿಂದ ಕೂಗೋಳು, ಎಡಕ್ಕೆ ತಿರುಗಿ, ಎಡಕ್ಕೆ! ನೆಂಟರ ಮಕ್ಳು ನನ್ನನ್ನ ನೋಡಿದ್ರೆ ಕೈ ಚಾಚಿ ವೂಂ ಅಂತ ಬಲಕ್ಕೆ ತಿರುಗೋರು. ನಾನು ಕಾರ್ಖಾನೆ ಸೇರಿದಾಗ ಚಿಕ್ಕಪ್ಪ ಹೇಳಿದ್ರು, ನೀನಾದ್ರೂ ಎಡ ಬಲ ಸರಿಯಾಗಿ ಕಲೀ ಅಂತ. ಅಪ್ಪನೂ ನಗ್ತಿದ್ರು. ನಂಗೆ ಮಾತ್ರ ನಗು ಬರ್ತಿರಲಿಲ್ಲ."

"ಮತ್ತೆ ಗೋಡೆಗೆ ಯಾಕೆ ಹಾಕಿದ್ದೀರಿ?"

"ಅಮ್ಮ ಹೋದ್ಮೇಲೆ ನನ್ನ ಪಾಲಿಗೆ ಬಂತು. ತೆಗೆದಿಡೋಕೂ ಮನಸ್ಸಿಲ್ಲ, ನೋಡೋಕೂ ಮನಸ್ಸಿಲ್ಲ. ಅಪ್ಪನ ವಿಮಾನ ಇರೋ ಚಿತ್ರ ಇದೊಂದೇ."

ನಾನು ನನ್ನ ಡಬ್ಬಿಯಿಂದ ಬೆಂಗಳೂರಿನ ಸಂತೆಯಲ್ಲಿ ಸಿಕ್ಕಿದ್ದ ಫೋಟೋ ತೆಗೆದು ಪಕ್ಕದಲ್ಲಿಟ್ಟೆ. ಫೋನಿನಲ್ಲಿ ಶಬಾನಾ ವರ್ಣಿಸಿದಾಗಲೇ ನನಗೆ ಅನುಮಾನವಿತ್ತು, ಈಗ ಖಾತ್ರಿಯಾಯಿತು. ಅದೇ ಬಯಲು, ಅದೇ ಪಟ್ಟೆ ಬಟ್ಟೆಯ ಚಪ್ಪರ, ಅದೇ ಜೋಡಿ ತಾಳೆಮರ. ನನ್ನ ಚಿತ್ರದಲ್ಲಿ ಮೂರನೇ ನಂಬರಿನ ವಿಮಾನ ಕಂಬವನ್ನು ಎಡಕ್ಕಿಟ್ಟು ತಿರುಗುತ್ತಿದೆ. ತಾಳೆಮರಗಳು ಚಪ್ಪರದ ಎಡಕ್ಕಿವೆ. ಗೋಪಿ ಸಾರ್ ಅವರ ಚಿತ್ರದಲ್ಲಿ ಅವು ಬಲಕ್ಕಿದ್ದವು.

"ಸಾರ್, ನಿಮ್ಮ ಚಿತ್ರ ತಿರುಗಾಮುರುಗಾ ಪ್ರಿಂಟ್ ಆಗಿದೆ!" ಎಂದೆ. ಸ್ಟುಡಿಯೋದವನು ಗಾಜಿನ ನೆಗೆಟಿವ್ವನ್ನು ಮಗುಚಿ ಇಟ್ಟು ಪ್ರಿಂಟ್ ಹಾಕಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ.

ಅವರು ಒಪ್ಪಲಿಲ್ಲ. ಎಂಜಿನಿಯರಲ್ಲವೇ? "ಇನ್ನೊಬ್ಬ ಫೋಟೋಗ್ರಾಫರ್ ಚಪ್ಪರದ ಆಚೆ ಕಡೆ ನಿಂತು ತೆಗೆದಿದ್ರೆ? ಆಗ್ಲೂ ಮರ ಈ ಕಡೆ ಕಾಣುತ್ತೆ. ಮರ ಸಾಕ್ಷಿ ಅಲ್ಲ ಟೀಚರ್."

ಮಾತು ನ್ಯಾಯವಾಗಿತ್ತು. ಅಕ್ಷರಗಳು ಓದುವಂತಿದ್ದರೆ ಉಲ್ಟಾ ಆದದ್ದು ತಕ್ಷಣ ತಿಳಿಯುತ್ತಿತ್ತು. ಓದುವಂತಿದ್ದದ್ದು ಎಂಟು ಮಾತ್ರ, ಅದನ್ನು ಕನ್ನಡಿಯಲ್ಲಿ ನೋಡಿದರೂ ಎಂಟೇ.

ಮಧ್ಯಾಹ್ನದವರೆಗೆ ಭೂತಗನ್ನಡಿ ಹಿಡಿದು ಕೂತೆವು. ಊಟಕ್ಕೆ ಶಾರದಾ ಕರೆದರು. ಮೀನು ಬೇಡವೆಂದಾಗ ಜ್ವರವಿದೆಯೇ ಎಂದು ನನ್ನ ಹಣೆ ಮುಟ್ಟಿ ನೋಡಿದರು. ಎಲೆಯ ಮೇಲೆ ದಪ್ಪ ಕೆಂಪಕ್ಕಿ ಅನ್ನ ಬೀಳುತ್ತಿದ್ದಂತೆ, ಸೆರಗು ಸಾರಿಗೆ ಬೀಳದಿರಲೆಂದು ಎಡ ಹೆಗಲಿನ ಪಿನ್ನು ಸರಿಮಾಡಿಕೊಂಡೆ. ಎದುರಿಗೆ ಬಡಿಸುತ್ತಿದ್ದ ಶಾರದಾ ಅವರ ಸೆರಗಿನಂಥ ಮೇಲ್ಮುಂಡೂ ಎಡ ಹೆಗಲ ಮೇಲೇ ಇತ್ತು.

ನಾನು ಎಂಜಲು ಕೈಯಲ್ಲೇ ಎದ್ದೆ.

"ಸಾರ್, ನಿಮ್ಮಮ್ಮ ಗುಜರಾತಿನವರ ಹಾಗೆ ಬಲಕ್ಕೆ ಸೆರಗು ಹಾಕಿ ಸೀರೆ ಉಡುತ್ತಿದ್ದರೇ?"

"ಇಲ್ಲಪ್ಪ. ನೀವು ಉಟ್ಟ ಹಾಗೇ."

ಮೇಜಿನ ಹತ್ತಿರ ಹೋಗಿ ನೋಡಿದೆವು. ಕಣ್ಣು ಮುಚ್ಚಿ ನಿಂತ ಆ ಹುಡುಗಿಯ ಸೆರಗು ಬಲ ಹೆಗಲ ಮೇಲಿತ್ತು. ಅವಳ ಪಕ್ಕದ ಗಂಡಸಿನ ಕೋಟಿನ ಜೇಬಿನಲ್ಲಿ ಕರವಸ್ತ್ರದ ತುದಿ ಇಣುಕುತ್ತಿತ್ತು. ಜೇಬು ಎದೆಯ ಬಲಕ್ಕಿತ್ತು. ಅವನ ಆಚೆಯವನದೂ ಬಲಕ್ಕೆ. ಬೇಲಿಯ ಉದ್ದಕ್ಕೂ ಎಲ್ಲ ಜೇಬುಗಳೂ ಬಲಕ್ಕೇ ಇದ್ದವು.

ಗೋಪಿ ಸಾರ್ ಕೋಲು ಬಿಟ್ಟು, ಎರಡೂ ಕೈಯಲ್ಲಿ ಚಿತ್ರ ಎತ್ತಿಕೊಂಡು, ಗೋಡೆ ಹಿಡಿಯುತ್ತ ಮಲಗುವ ಕೋಣೆಗೆ ನಡೆದರು. ಶಾರದಾ ಬೀಳುತ್ತಾರೆಂದು ಹಿಂದೆ ಓಡಿದರು. ಅಲ್ಮೇರಾದ ಕನ್ನಡಿಯ ಎದುರು ನಿಂತು ಚಿತ್ರವನ್ನು ಎದೆಯ ಮಟ್ಟಕ್ಕೆ ಹಿಡಿದರು. ಕನ್ನಡಿಯೊಳಗೆ ಅವರಮ್ಮನ ಸೆರಗು ಎಡ ಹೆಗಲಿಗೆ ಬಂದಿತ್ತು. ಜೇಬುಗಳು ತಮ್ಮ ಜಾಗಕ್ಕೆ ಬಂದಿದ್ದವು. ಎಂಟನೇ ನಂಬರಿನ ವಿಮಾನ ಕಂಬವನ್ನು ಎಡಕ್ಕಿಟ್ಟುಕೊಂಡು, ಬೇಕಾದಷ್ಟೇ ಬಾಗಿ, ಬಹಳ ಚೆಂದವಾಗಿ ತಿರುಗುತ್ತಿತ್ತು.

"ಸರಿಯಾಗೇ ತಿರುಗಿದ್ರು," ಎಂದರು. ಆಮೇಲೆ ಮಂಚದ ಮೇಲೆ ಕೂತರು. ಖುಷಿಪಡುತ್ತಾರೆ ಅಂದುಕೊಂಡಿದ್ದೆ, ಅವರಿಗೆ ಸಿಟ್ಟು ಬಂದಿತ್ತು. "ಇಷ್ಟು ವರ್ಷ! ಒಬ್ರೂ ನೋಡ್ಲಿಲ್ವಲ್ಲ. ನಾನು, ದಿನಾ ಡ್ರಾಯಿಂಗ್ ನೋಡೋನು, ನಾನೂ ನೋಡ್ಲಿಲ್ಲ. ಅಪ್ಪ ಸುಮ್ನೆ ಬೈಸ್ಕೊಂಡು ಹೋಗ್ಬಿಟ್ರು."

ಅವರ ಅಕ್ಕ ಭಾರ್ಗವಿ ತಿರುವನಂತಪುರದಲ್ಲಿದ್ದರು. ನಾನೂ ಊರು ನೋಡಲು ಅಲ್ಲಿಗೆ ಹೋಗುವವಳಿದ್ದೆ. ಮುಂದಿನ ವಾರ ತಾಯಿಯ ತಿಥಿಗೆ ನೆಂಟರೆಲ್ಲ ಇದೇ ಮನೆಯಲ್ಲಿ ಸೇರುವವರು. ಚಿತ್ರವನ್ನು ಒಯ್ದು ಅಕ್ಕನಿಗೆ ತೋರಿಸಬೇಕು, ಅಲ್ಲಿನ ಒಳ್ಳೆಯ ಸ್ಟುಡಿಯೋದಲ್ಲಿ ಎಡ ಬಲ ಸರಿಪಡಿಸಿದ ಪ್ರಿಂಟ್ ಮಾಡಿಸಿ ತರಬೇಕು ಎಂದು ಗೋಪಿ ಸಾರ್ ಕೇಳಿಕೊಂಡರು.

"ದೊಡ್ಡದಾಗಿ ಮಾಡ್ಸಿ ಟೀಚರ್. ಎಲ್ರೂ ಕೂತಿರೋವಾಗ ಅವರ ಮುಂದೆ ಇಡ್ತೀನಿ."

ದಕ್ಷಿಣಕ್ಕೆ ಹೋಗುವ ರೈಲು

ಚಿತ್ರವನ್ನು ಶಾರದಾ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಕೊಟ್ಟರು. ರೈಲಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡೆ. ಎದುರಿಗಿದ್ದ ಆರು ಜನರೂ ಆರು ಪತ್ರಿಕೆ ಬಿಡಿಸಿ ಓದುತ್ತಿದ್ದರು. ಯಾರೂ ಯಾರ ಪತ್ರಿಕೆಯನ್ನೂ ಬೇಡಲಿಲ್ಲ. ನಮ್ಮ ಕಡೆ ಒಂದು ಪತ್ರಿಕೆ ಬಂದರೆ ಬೋಗಿಯೆಲ್ಲ ಹಾಳೆ ಹಾಳೆಯಾಗಿ ತಿರುಗಿ, ಕೊನೆಗೆ ಕ್ರೀಡಾಪುಟ ಯಾರದೋ ಮಂಡಕ್ಕಿಯ ಪೊಟ್ಟಣವಾಗುತ್ತದೆ. ಇವರು ಓದಿ ಮುಗಿಸಿ, ಅಂಚಿಗೆ ಅಂಚು ಕೂಡಿಸಿ ಮಡಚಿ, ಆಮೇಲೆ ರಾಜಕೀಯ ಶುರು ಮಾಡಿದರು. ಜಗಳವೇ ಆಯಿತು ಅಂದುಕೊಂಡೆ. ಇಳಿಯುವಾಗ ಒಬ್ಬರಿಗೊಬ್ಬರು ಚೀಲ ಎತ್ತಿಕೊಟ್ಟರು.

ಕೊಲ್ಲಂ ದಾಟಿದ ಮೇಲೆ ಹತ್ತಿದ ಒಬ್ಬ ಹಿರಿಯರು ಬೆಡ್‌ಶೀಟಿನ ಗಂಟು ನೋಡಿ ಕೈ ಮುಗಿದರು. "ಯಾವ ದೇವರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ದೇವರಲ್ಲ, ವಿಮಾನ ಎಂದೆ. ಅವರು ಸ್ವಲ್ಪ ಯೋಚಿಸಿ, "ನಿಮ್ಮ ಮಗ ದುಬೈನಲ್ಲಿದ್ದಾನೆಯೇ?" ಎಂದರು. ವಿಮಾನವೆಂದರೆ ಇಲ್ಲಿನವರಿಗೆ ದೂರ ಹೋದ ಮಕ್ಕಳು. ಕಿಟಕಿಯ ಹೊರಗೆ ಹಿನ್ನೀರು, ತೆಂಗು, ಮತ್ತೆ ಹಿನ್ನೀರು ಹೋಗುತ್ತಿತ್ತು. ಅಪ್ಪ ಇದ್ದಿದ್ದರೆ ಈ ಚಿತ್ರದ ಬಗ್ಗೆ ಒಂದು ವಾರವಾದರೂ ವಾದ ಮಾಡುತ್ತಿದ್ದರು ಎಂದುಕೊಂಡೆ. ಮರವನ್ನು ನಂಬಬೇಡ, ಮನುಷ್ಯರನ್ನು ನೋಡು ಎಂದು ಮೊದಲು ಹೇಳಿಕೊಟ್ಟವರು ಅವರೇ. ಆ ದಿನ ಅವರು ಬಹಳ ನೆನಪಾದರು.

ಶಂಖುಮುಖಂ

ತಿರುವನಂತಪುರದ ರಸ್ತೆಗಳು ನೇರವಾಗಿ ಹೋಗುವುದನ್ನು ಕಲಿತಿಲ್ಲ. ಏರುತ್ತವೆ, ಇಳಿಯುತ್ತವೆ, ಇದ್ದಕ್ಕಿದ್ದಂತೆ ಯಾರದೋ ಕಾಂಪೌಂಡಿನ ಹಲಸಿನಮರಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತವೆ. ಎರ್ನಾಕುಲಂನ ಗಡಿಬಿಡಿ ಇಲ್ಲಿಲ್ಲ. ಆಟೋದವನೂ ಕಚೇರಿಯ ಗುಮಾಸ್ತನಂತೆ ಗಂಭೀರವಾಗಿದ್ದ. ವಿಳಾಸದ ಚೀಟಿಯನ್ನು ಎರಡು ಸಲ ಓದಿ, ಅರ್ಜಿ ಮಂಜೂರು ಮಾಡಿದವನಂತೆ ತಲೆಯಾಡಿಸಿದ.

ಭಾರ್ಗವಿ ಅಮ್ಮನ ಮನೆ ಶಂಖುಮುಖಂ ಕಡಲತೀರದ ಹತ್ತಿರ, ವಿಮಾನ ನಿಲ್ದಾಣದ ಬೇಲಿಗೆ ಸಮೀಪದಲ್ಲಿತ್ತು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ನೆಟ್ಟಗಿನ ಬೆನ್ನು, ಬಿಳಿ ಮುಂಡು. ಅರ್ಧ ಇಂಗ್ಲಿಷು, ಅರ್ಧ ಮಲಯಾಳಂ ಮಾತಾಡಿದರು. ನನಗೆ ತಿಳಿದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಡಲ ಕಡೆಯಿಂದ ವಿಮಾನ ಇಳಿಯಲು ಬಂದಾಗೆಲ್ಲ ಮನೆಯ ಕಿಟಕಿ ನಡುಗುತ್ತಿತ್ತು. ಆಗ ಅವರು ವಾಕ್ಯದ ನಡುವೆಯೇ ನಿಲ್ಲಿಸಿ, ಸದ್ದು ಹೋದ ಮೇಲೆ ಅದೇ ಪದದಿಂದ ಮುಂದುವರಿಸುತ್ತಿದ್ದರು.

ನಾನು ಗಂಟು ಬಿಚ್ಚಿ, ಉತ್ಸಾಹದಿಂದ ಎಲ್ಲ ವಿವರಿಸಿದೆ. ನನ್ನ ಚಿತ್ರ, ತಾಳೆಮರ, ಕರವಸ್ತ್ರದ ಜೇಬು. ಕೊನೆಗೆ ಸೆರಗಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಆಶ್ಚರ್ಯಪಡಲಿಲ್ಲ. ಚಿತ್ರವನ್ನು ಮೇಲ್ಮುಂಡಿನ ತುದಿಯಿಂದ ಒರೆಸಿ ಪಕ್ಕಕ್ಕಿಟ್ಟರು.

"ಗೋಪಿ ಏನಂದ?"

"ಸಿಟ್ಟಾದರು. ಇಷ್ಟು ವರ್ಷ ಯಾರೂ ನೋಡಲಿಲ್ಲವಲ್ಲ ಎಂದರು."

"ನಾನು ನೋಡಿದ್ದೆ," ಎಂದರು ಭಾರ್ಗವಿ ಅಮ್ಮ.

ತಲೆಯ ಮೇಲೆ ವಿಮಾನ ಬಂತು. ಅದು ಹೋಗುವವರೆಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು.

"ನಾನು ಮೊದಲ ಸಲ ಸೀರೆ ಉಟ್ಟ ದಿನ. ಶಾಲೆಯಲ್ಲಿ ಏನೋ ಸಮಾರಂಭ. ಅಮ್ಮ ಉಡಿಸಿ, ಸೆರಗು ಎಡಕ್ಕೆ ಇರಬೇಕು ಎಂದು ಹೇಳಿ ಒಳಗೆ ಹೋದಳು. ಆ ಹೊತ್ತಿಗೆ ಈ ಚಿತ್ರ ನಡುಮನೆಯಲ್ಲಿತ್ತು. ನಾನು ಅಚ್ಛನನ್ನು, ಎಂದರೆ ಅಪ್ಪನನ್ನು, ಕರೆದು ಕೇಳಿದೆ, ಅಮ್ಮ ಇಲ್ಲಿ ಬಲಕ್ಕೆ ಹಾಕಿದ್ದಾಳಲ್ಲ ಎಂದು. ಅಚ್ಛನ್ ಅಡುಗೆಮನೆ ಕಡೆ ನೋಡಿ ಬಾಯಿ ಮೇಲೆ ಬೆರಳಿಟ್ಟರು. ಅಮ್ಮಯೋಡು ಪರಯಂಡ ಮೋಳೇ ಎಂದರು. ಅಮ್ಮನಿಗೆ ಹೇಳಬೇಡ ಮಗಳೇ. ಅಷ್ಟೇ."

"ಅವರಿಗೆ ಗೊತ್ತಿತ್ತೇ?"

"ವಿಮಾನ ಓಡಿಸಿದ್ದು ಅವರೇ. ಯಾವ ಕಡೆ ತಿರುಗಿದೆ ಎಂದು ಅವರಿಗೆ ಗೊತ್ತಿರುವುದಿಲ್ಲವೇ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಕೋಟಿನ ಜೇಬಿನ ತನಕ ನೋಡಿದವಳಿಗೆ, ಗೋಪಿ ಸಾರ್ ಅವರಿಗೂ, ಆ ವಿಮಾನದೊಳಗೆ ಒಬ್ಬ ಮನುಷ್ಯ ಕೂತಿದ್ದ ಎಂಬುದೇ ಮರೆತುಹೋಗಿತ್ತು.

"ಮತ್ತೆ ಯಾಕೆ ಸೋತರು?"

"ಎಂಜಿನ್ನಿನ ಎಣ್ಣೆ ಸಿಡಿದು ಕನ್ನಡಕದ ಮೇಲೆ ಬಿತ್ತಂತೆ. ಒರೆಸಿಕೊಳ್ಳುತ್ತ ಬಂದು ಎಲ್ಲರಿಗಿಂತ ಹಿಂದೆ ಇಳಿದರು. ನನ್ನ ಮದುವೆಯಾದ ಮೇಲೆ ಒಮ್ಮೆ ಹೇಳಿದರು. ಆವತ್ತೇ ಉಳಿದದ್ದನ್ನೂ ಹೇಳಿದರು." ಅವರು ಚಿತ್ರವನ್ನು ತಮ್ಮ ಕಡೆ ಎಳೆದುಕೊಂಡು ಮುಂದುವರಿಸಿದರು. "ನನಗಿಂತ ಮೊದಲು ಅಮ್ಮನಿಗೆ ಒಂದು ಗಂಡುಮಗು ಹುಟ್ಟಿತ್ತು. ಮದರಾಸಿನಿಂದ ಮರಳಿ ಬಂದ ಮೇಲೆ. ಕೆಲವೇ ದಿನ ಬದುಕಿತು. ಅಮ್ಮ ಮಾತು ಬಿಟ್ಟಳು, ಸರಿಯಾಗಿ ಉಣ್ಣುವುದೂ ಬಿಟ್ಟಳು. ಒಂದು ದಿನ ಅಂಚೆಯಲ್ಲಿ ಈ ಫೋಟೋ ಬಂತು. ಅಚ್ಛನ್ ಅವಳ ಕೈಗೆ ಕೊಟ್ಟರು. ಅವಳು ಬಹಳ ಹೊತ್ತು ನೋಡಿ, ಎಲ್ಲರೂ ಆ ಕಡೆ ತಿರುಗಿದರೆ ನೀವೊಬ್ಬರು ಈ ಕಡೆಯಾ ಎಂದು ಕೇಳಿ ನಕ್ಕುಬಿಟ್ಟಳಂತೆ. ಮಗು ಹೋದ ಮೇಲೆ ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು. ಅಚ್ಛನ್‌ಗೆ ನೋಡಿದ ಕೂಡಲೇ ತಿಳಿದಿತ್ತು, ಚಿತ್ರ ಉಲ್ಟಾ ಬಂದಿದೆ ಎಂದು. ಹೌದು, ತಪ್ಪಿತು ಎಂದುಬಿಟ್ಟರು."

ಕಡಲ ಗಾಳಿಗೆ ಬಾಗಿಲ ಪರದೆ ಹಾರುತ್ತಿತ್ತು.

"ಆಮೇಲೆ ಅದು ಅಮ್ಮನ ಮಾತಾಗಿಬಿಟ್ಟಿತು. ಬೇಸರವಾದಾಗೆಲ್ಲ ಅವರನ್ನು ಅದರಿಂದ ಕೆಣಕುತ್ತಿದ್ದಳು. ನೆಂಟರೂ ಸೇರಿಕೊಂಡರು. ಅಚ್ಛನ್ ಹೋದರು. ಅಮ್ಮ ಇರುವ ತನಕ ನಾನು ಯಾರಿಗೂ ಹೇಳುವಂತಿರಲಿಲ್ಲ. ಗೋಪಿ ಬೆಂಗಳೂರಿನಲ್ಲಿದ್ದ, ಈ ಮಾತು ಬಂದರೆ ಎದ್ದು ಹೋಗುತ್ತಿದ್ದ. ಈಗ ಅಮ್ಮನೂ ಇಲ್ಲ. ಹೇಳಿದರೆ ತಪ್ಪೇ ಟೀಚರ್?"

ನನ್ನನ್ನು ಕೇಳಿದರು. ಯಾವುದೋ ಊರಿನಿಂದ ಒಂದು ಡಬ್ಬಿ ಹಿಡಿದು ಬಂದವಳನ್ನು.

"ಗೋಪಿ ಸಾರ್ ಮುಂದಿನ ವಾರ ಎಲ್ಲರ ಮುಂದೆ ಸರಿ ಮಾಡಿದ ಚಿತ್ರ ಇಡುತ್ತಾರಂತೆ. ಅದಕ್ಕೂ ಮೊದಲು ಅವರಿಗೆ ಇದು ಗೊತ್ತಿರಬೇಕು ಅನಿಸುತ್ತದೆ," ಎಂದೆ.

ಭಾರ್ಗವಿ ಅಮ್ಮ ಎದ್ದು ಫೋನಿನ ಹತ್ತಿರ ಹೋದರು. ನಾನು ಹೊರಗೆ ಹೋಗಲೆಂದು ಎದ್ದರೆ ಕೈಯಿಂದ ಕೂರಿಸಿದರು. ಮಲಯಾಳಂ ಮಾತು ಪೂರ್ತಿ ತಿಳಿಯದಿದ್ದರೂ, ನನಗೆ ಹೇಳಿದ್ದನ್ನೇ ಅದೇ ಕ್ರಮದಲ್ಲಿ ಹೇಳುತ್ತಿದ್ದಾರೆಂದು ತಿಳಿಯಿತು. ಸೀರೆ, ಬಾಯಿ ಮೇಲಿನ ಬೆರಳು, ಮಗು, ಅಂಚೆ. "ಗೋಪೀ?" ಎಂದರು. ಮತ್ತೆ "ಗೋಪೀ, ಕೇಳ್ಕುನ್ನುಂಡೋ?" ಎಂದು, ಕೇಳಿಸುತ್ತಿದೆಯೇ ಎಂಬಂತೆ ಕೂಗಿದರು. ಒಂದು ವಿಮಾನ ಬಂದು ಇಳಿಯಿತು. ಬಹಳ ಹೊತ್ತಿನ ಮೇಲೆ ಅವರು ಫೋನನ್ನು ನನ್ನ ಕಡೆ ಚಾಚಿದರು.

"ಟೀಚರ್," ಎಂದರು ಗೋಪಿ ಸಾರ್. "ಸ್ಟುಡಿಯೋಗೆ ಹೋದ್ರಾ?"

"ಇಲ್ಲ ಸಾರ್. ನಾಳೆ ಹೋಗೋಣ ಅಂತಿದ್ದೆ."

"ಹೋಗ್ಬೇಡಿ. ಹಾಗೇ ವಾಪಸ್ ತನ್ನಿ. ಅಪ್ಪ ತಿರುಗಿಸಲಿಲ್ಲ. ನಾನ್ಯಾಕೆ ತಿರುಗಿಸ್ಲಿ?"

ಮತ್ತೆ ಎರ್ನಾಕುಲಂ

ವಾಪಸು ಬರುವಾಗ ಸರಿಯಾದ ನಿಲ್ದಾಣದಲ್ಲೇ ಇಳಿದೆ. ಶಬಾನಾ ಅರ್ಧ ದಿನ ರಜೆ ಹಾಕಿ ಬಂದು ಬೋಗಿಯ ಬಾಗಿಲಿಗೇ ನಿಂತಿದ್ದಳು. ಆಟೋದಲ್ಲಿ ಅವಳಿಗೆ ಎಲ್ಲ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ಎಂಥಾ ಮನಶ್ಯಾ ಇದ್ನಲ್ರಿ ಮೇಡಂ," ಎಂದಳು.

ಗೋಪಿ ಸಾರ್ ಬಾಗಿಲಲ್ಲೇ ಕಾದಿದ್ದರು. ಬೆಡ್‌ಶೀಟ್ ಬಿಚ್ಚಿ ಚಿತ್ರವನ್ನು ತಾವೇ ಹಳೆಯ ಮೊಳೆಗೆ ತಗುಲಿಸಿದರು. ಶಾರದಾ ಸ್ವಲ್ಪ ದೂರ ನಿಂತು, ಮೇಲೆ, ಇನ್ನೂ ಸ್ವಲ್ಪ ಮೇಲೆ ಎಂದು ಕೈಸನ್ನೆ ಮಾಡಿದರು. ಎಲ್ಲರೂ ಅದರ ಎದುರು ನಿಂತೆವು. ಎಂಟನೇ ನಂಬರು ಬಲಕ್ಕೆ ತಿರುಗುತ್ತಲೇ ಇತ್ತು. ಬೇಲಿಯ ಹತ್ತಿರ ಆ ಹುಡುಗಿ ಕಣ್ಣು ಮುಚ್ಚಿಕೊಂಡೇ ಇದ್ದಳು.

ತಿಥಿಯ ದಿನ ನೆಂಟರು ಮತ್ತೆ ಅದೇ ತಮಾಷೆ ತೆಗೆದರೆ ಏನು ಹೇಳುವುದು ಎಂದು ಶಾರದಾ ಮಲಯಾಳಂನಲ್ಲಿ ಕೇಳಿದರು. ಗೋಪಿ ಸಾರ್ ನನಗೂ ತಿಳಿಯಲೆಂದು ಕನ್ನಡದಲ್ಲೇ ಉತ್ತರಿಸಿದರು.

"ಏನು ಹೇಳೋದು? ಹೌದು, ನಮ್ಮಪ್ಪ ತಪ್ಪು ತಿರುಗಿದ್ರು ಅಂತ ಹೇಳೋದು."

ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ನಗು ಬಂತು. ಮೊದಲು ಸಣ್ಣದಾಗಿ ಬಂದದ್ದು ತಡೆಯಲಾಗದೆ, ಕೋಲನ್ನು ಶಬಾನಾಳ ಕೈಗೆ ಕೊಟ್ಟು, ಗೋಡೆಗೆ ಕೈಯೂರಿ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಶಾರದಾ ನನ್ನ ಕಿವಿಯ ಹತ್ತಿರ ಬಗ್ಗಿ, ತಮಗೆ ಬರುವ ನಾಲ್ಕು ಕನ್ನಡ ಪದ ಕೂಡಿಸಿ ಹೇಳಿದರು:

"ಈ ಫೋಟೋ ನೋಡಿ ಇವರು ನಗೋದು, ಇದೇ ಮೊದಲು."